ಸಪಾಟು ನೆಲದ ಸವಾರಿ

ಮುಂಬೈಯ ಸೈಕಲ್ ಸವಾರರಲ್ಲಿ ಘಾಟಿ ಹತ್ತುವವರದೇ ಮೇಲ್ಜಾತಿ. ಭಾನುವಾರ ನಸುಕಿಗೆ ಎದ್ದು ಖೋಪೋಲಿಯಿಂದ ಬೋರ್‌ಘಾಟ್ ಏರಿ ಲೋಣಾವಳದಲ್ಲಿ ಚಿಕ್ಕಿ ತಿಂದವರು, ಕಸಾರಾದಲ್ಲಿ ಲಾರಿಗಳ ಹೊಗೆ ಕುಡಿದವರು, ಮಾಳಶೇಜಿನ ಮಂಜಿನಲ್ಲಿ ನಿಂತು ಫೋಟೋ ತೆಗೆಸಿಕೊಂಡವರು, ಎಲ್ಲರ ಬಾಯಲ್ಲೂ ಸೋಮವಾರ ಬೆಳಿಗ್ಗೆ ಒಂದು ಅಂಕಿ ಇರುತ್ತದೆ: ಇಷ್ಟು ಮೀಟರು ಏರಿದೆ. ನನ್ನ ಕಡೆ ತಿರುಗಿ "ನೀವು?" ಎಂದರೆ ನಾನು ನೀರು ಕುಡಿಯುತ್ತೇನೆ. ನನ್ನ ದಾರಿಯಲ್ಲಿರುವ ಅತಿ ದೊಡ್ಡ ಏರೆಂದರೆ ಗೊರಾಯಿ ಜೆಟ್ಟಿಯಲ್ಲಿ ಲಾಂಚಿನಿಂದ ದಡಕ್ಕೆ ಸೈಕಲ್ ತಳ್ಳುವ ಇಳಿಜಾರು. ಅದೂ ಭರತದ ವೇಳೆಯಲ್ಲಿ ಅರ್ಧ ನೀರಿನಲ್ಲಿ ಮುಳುಗಿರುತ್ತದೆ.

ಆದರೆ ಒಂದು ಮಾತು ಘಾಟಿಯವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುವುದಿಲ್ಲ. ಏರಿನಲ್ಲಿ ಸುರಿಸಿದ ಬೆವರು ಇಳಿಜಾರಿನಲ್ಲಿ ಬಡ್ಡಿ ಸಮೇತ ವಾಪಸು ಬರುತ್ತದೆ. ಸಪಾಟು ನೆಲದಲ್ಲಿ ಆ ವ್ಯವಹಾರವೇ ಇಲ್ಲ. ತುಳಿದಷ್ಟೇ ದಾರಿ. ಕಾಲು ಬಿಟ್ಟರೆ ಹತ್ತು ಮಾರು ಹೋಗಿ ಸೈಕಲ್ಲೂ ಸುಮ್ಮನಾಗುತ್ತದೆ. ಅದರಲ್ಲೂ ಡಾಂಬರು ಬಿಟ್ಟು ಗದ್ದೆಯ ಹುಣಿಗೆ, ಉಪ್ಪಿನ ಆಗರದ ದಂಡೆಗೆ ಇಳಿದಿರೋ, ಚಕ್ರ ಅರ್ಧ ಇಂಚು ಮಣ್ಣಿಗೆ ಕಚ್ಚಿಕೊಂಡು ಪ್ರತಿ ಸುತ್ತಿಗೂ ಸುಂಕ ಕೇಳುತ್ತದೆ. ಸಪಾಟಿನ ಕಷ್ಟ ಫೋಟೋದಲ್ಲಿ ಬರುವುದಿಲ್ಲ, ಅಷ್ಟೇ.

ಮುಂಬೈಯಲ್ಲಿ ಗದ್ದೆಯ ಹುಣಿ ಎಲ್ಲಿಂದ ಬಂತು ಎಂದು ಊರಿನ ನೆಂಟರು ಕೇಳುತ್ತಾರೆ. ಅವರ ತಪ್ಪಿಲ್ಲ, ಮಾಟುಂಗಾ, ಸಯನ್, ಹೆಚ್ಚೆಂದರೆ ಡೊಂಬಿವಲಿ ನೋಡಿ ಹೋಗುವವರು. ಬೊರಿವಲಿ ಪಶ್ಚಿಮದ ಕೊನೆಯಲ್ಲಿ ಖಾಡಿ ದಾಟಿಸುವ ಲಾಂಚಿದೆ. ಸ್ಕೂಟರು, ಮೀನಿನ ಬುಟ್ಟಿ, ಕುರಿ, ಮದುವೆಯ ದಿಬ್ಬಣ, ಏನನ್ನಾದರೂ ಹತ್ತಿಸಿಕೊಳ್ಳುತ್ತಾರೆ. ಸೈಕಲ್ಲಿಗೆ ಬೇರೆ ಟಿಕೆಟು. ಕೆಲವೇ ನಿಮಿಷ. ಆಚೆ ಇಳಿದರೆ ಗೊರಾಯಿ, ಕುಳ್ವೆ, ಮನೋರಿ, ಬಡಗಿಗೆ ಉತ್ತನ್. ದಾರಿಯ ಸುತ್ತ ತೆಂಗು, ಭತ್ತದ ಗದ್ದೆ, ತಿರುವು ತಿರುವಿಗೆ ಹೂವಿಟ್ಟ ಶಿಲುಬೆ, ಮನೆಯೆದುರು ಬಲೆ ನೇಯುವವರು. 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡಾದ ಚಿನ್ನದ ಬಣ್ಣದ ಗುಮ್ಮಟ ಈ ಬಯಲಿನಲ್ಲಿ ಎಲ್ಲಿಂದಲೂ ಕಾಣುತ್ತದೆ. ಧ್ಯಾನಕ್ಕೆ ಎಷ್ಟು ಅನುಕೂಲವೋ ನಾನರಿಯೆ, ದಿಕ್ಕು ತಪ್ಪಿದ ಸೈಕಲ್ಲಿನವನಿಗಂತೂ ಅದು ದೊಡ್ಡ ಉಪಕಾರಿ. ಉತ್ತನ್ ಸಮೀಪ ಒಂದು ಸಣ್ಣ ಗುಡ್ಡ ಅಡ್ಡ ಬರುತ್ತದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಹೊರಳಿದರೆ ಭಾಯಂದರಿನ ಉಪ್ಪಿನ ಆಗರಗಳು. ಭಾಯಂದರಿನ ಬಡಗು ಅಂಚಿನಲ್ಲಿ ವಸಯಿ ಖಾಡಿ. ಮೊದಲಾದರೆ ವಸಯಿಗೆ ಹೆದ್ದಾರಿ ಸುತ್ತಿ ಮೂವತ್ತು ಕಿಲೋಮೀಟರಿಗೂ ಮಿಕ್ಕಿ ತುಳಿಯಬೇಕಿತ್ತು. 2024ರಲ್ಲಿ ರೋ-ರೋ ದೋಣಿ ಶುರುವಾದ ಮೇಲೆ ವಾಹನಗಳ ಜತೆಗೇ ನಿಂತು ನೇರ ವಸಯಿ ಕೋಟೆಯ ಬುಡಕ್ಕೆ ಇಳಿಯಬಹುದು.

ಗುಡ್ಡವಿಲ್ಲದ ಕಡೆ ಸೈಕಲ್ಲಿಗೆ ಗುಡ್ಡವಾಗುವುದು ಗಾಳಿ. ಚಳಿಗಾಲದಿಂದ ಬೇಸಗೆಯವರೆಗೆ ಇಲ್ಲಿನ ಗಾಳಿಗೆ ಒಂದು ದಿನಚರಿ ಇದೆ. ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳಗೆ ಬೀಸುತ್ತದೆ, ಇದೆಯೋ ಇಲ್ಲವೋ ಎಂಬಂತೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲು ಎಚ್ಚರಗೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ನುಗ್ಗಿ ಬರುವ ಗಾಳಿಗೆ ಎದುರಾಗಿ ತುಳಿಯುವುದೆಂದರೆ ಬೋರ್‌ಘಾಟನ್ನೇ ಅಡ್ಡಡ್ಡ ಮಲಗಿಸಿ ಹತ್ತಿದ ಹಾಗೆ. ಆದ್ದರಿಂದ ಲೆಕ್ಕ ಸುಲಭ: ಬೆಳಕು ಹರಿಯುವ ಮೊದಲೇ ಬಡಗಿಗೆ ಹೊರಡಬೇಕು, ಮಧ್ಯಾಹ್ನ ತೆಂಕಿಗೆ ಮರಳಬೇಕು. ಆಗ ಗಾಳಿಯೇ ಬೆನ್ನಿಗೆ ಕೈಯಿಟ್ಟು ದೂಡುತ್ತದೆ. ಇದನ್ನು ನನಗೆ ಕಲಿಸಿದ್ದು ಯಾವ ಸೈಕಲ್ ಕ್ಲಬ್ಬೂ ಅಲ್ಲ, ಉತ್ತನ್ನಿನ ಒಬ್ಬ ಮೀನುಗಾರ. ಬಿದಿರಿನ ಅಡ್ಡೆಗಳಿಗೆ ಬೊಂಬಿಲ್ ಮೀನನ್ನು ಬಾಯಿಗೆ ಬಾಯಿ ಸಿಕ್ಕಿಸಿ ಒಣಹಾಕುತ್ತಿದ್ದವನು ತಲೆಯೆತ್ತದೆ ಕೇಳಿದ: "ಹನ್ನೊಂದರ ಮೇಲೆ ವಸಯಿಗೆ ಹೊರಟಿದ್ದೀಯಲ್ಲ, ಹಾಯಿ ಎಲ್ಲಿ?"

ಗಾಳಿಯ ಜತೆಗೆ ಭರತ ಇಳಿತದ ಪಟ್ಟಿಯನ್ನೂ ನೋಡಬೇಕು. ಮಳೆಗಾಲದಲ್ಲಿ ಭರತ ನಾಲ್ಕೂವರೆ ಮೀಟರು ದಾಟುವ ದಿನಗಳನ್ನು ಮುಂಬೈ ಪತ್ರಿಕೆಗಳು ಮುಂಚಿತವಾಗಿಯೇ ಅಚ್ಚು ಹಾಕುತ್ತವೆ. ಊರಿನವರು ಅದನ್ನು ಲೋಕಲ್ ರೈಲು ನಿಲ್ಲುತ್ತದೋ ಇಲ್ಲವೋ ಎಂದು ನೋಡುತ್ತಾರೆ. ದಂಡೆಯ ಮೇಲೆ ಸವಾರಿ ಮಾಡುವವನಿಗೆ ವರ್ಷವಿಡೀ ಬೇಕು. ಹುಣ್ಣಿಮೆ ಅಮಾವಾಸ್ಯೆಯ ಆಚೀಚೆ ಖಾಡಿಯ ನೀರು ತಗ್ಗು ದಂಡೆಗಳ ನೆತ್ತಿಗೆ ಬಂದು ಮುಟ್ಟುತ್ತದೆ. ಹೋಗುವಾಗ ಇದ್ದ ದಾರಿ ಬರುವಾಗ ಇರುವುದಿಲ್ಲ. ಮ್ಯಾಪಿನಲ್ಲಿ ನೀಲಿ ಚುಕ್ಕೆಯಾಗಿ ನಾನು ನೀರಿನ ನಡುವೆ ನಿಂತದ್ದನ್ನು ನೋಡಿ ನನ್ನ ಮಗಳು ಫೋನು ಮಾಡಿದ್ದೂ ಉಂಟು.

ಉಪ್ಪಿನ ಆಗರದ ದಂಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಪ್ಪು ಜೇಡಿ, ಎರಡಡಿ ಅಗಲ. ಡಿಸೆಂಬರಿನಲ್ಲಿ ಒಣಗಿ ಅಂಗೈಯಗಲದ ಹೆಂಟೆಗಳಾಗಿ ಬಿರಿದಿರುತ್ತದೆ. ಮೇಲೆ ಬಿಳಿ ಪುಡಿ. ಎಡಗಡೆಯ ಪಾತಿಯಲ್ಲಿ ನೀರು ಮಾಸಲು ಹಸಿರು, ಬಲಗಡೆಯದರಲ್ಲಿ ಕೆಂಪು ಛಾಯೆ, ಅದರಾಚೆ ಹೊಳೆಯುವ ಕೆನೆ. ಖಾಡಿಯ ನೀರನ್ನು ಭರತದಲ್ಲಿ ಮರದ ಹಲಗೆಯ ತೂಬು ಎತ್ತಿ ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ದಾಟಿಸುತ್ತ, ಬಿಸಿಲಿಗೆ ಬಿಟ್ಟು, ಗಟ್ಟಿಯಾಗುತ್ತ ಬಂದದ್ದನ್ನು ಕೊನೆಯ ಪಾತಿಯಲ್ಲಿ ಹರಳುಗಟ್ಟಿಸುತ್ತಾರೆ. ಉದ್ದ ಹಿಡಿಯ ಮರದ ಗೋರೆಯಿಂದ ಎಳೆದು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ರಾಶಿ ಹಾಕುತ್ತಾರೆ. ಆ ಹೊರೆ ಹೊತ್ತವರು ನಡೆಯುವುದು ನಾನು ಮೋಜಿಗೆ ಬಂದಿರುವ ಇದೇ ದಂಡೆಯ ಮೇಲೆ. ತಲೆಯ ಮೇಲೆ ಬುಟ್ಟಿ ಇದ್ದವರಿಗೆ ಕೆಳಗೆ ಕಾಣುವುದಿಲ್ಲ, ಬದಿಗೆ ಸರಿಯಲು ಜಾಗವಿಲ್ಲ. ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ಪಾತಿಯ ಅಂಚಿನ ಕೆಸರಿನಲ್ಲಿ ಕಾಲೂರಿ ನಿಲ್ಲುವುದು ನನ್ನ ಪಾಲಿನ ಕೆಲಸ. ಅವರು ನಗುತ್ತ ದಾಟಿ ಹೋಗುತ್ತಾರೆ. ಯಾಕೆ ನಗುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಪಾತಿಗಳ ಸಾಲಿನ ಕೊನೆಯಲ್ಲಿ ಒಂದು ಗುಡಿಸಲು, ಅಲ್ಲಿ ಕೆಲಸ ನೋಡಿಕೊಳ್ಳುವ ಒಬ್ಬ ಮುಕಾದಮ. ಆತನನ್ನು ಕೇಳದೆ ನಾನು ದಂಡೆಗೆ ಚಕ್ರ ಇಡುವುದಿಲ್ಲ. ಮಳೆ ಮುಗಿದ ಹೊಸತರಲ್ಲಿ ಕೇಳಿದರೂ ಬಿಡುವುದಿಲ್ಲ: ಆಗ ದಂಡೆ ಮೆತ್ತಗಿರುತ್ತದೆ, ಒಂದು ಚಕ್ರದ ಗೆರೆ ಸಾಕು, ಅದೇ ಸೀಳಾಗಿ ನೀರು ನುಗ್ಗಿ ಇಡೀ ಪಾತಿ ಹಾಳಾಗಲು.

ಗೋಕರ್ಣದ ಬಳಿಯ ಸಾಣಿಕಟ್ಟೆಯನ್ನು ಕಂಡವರಿಗೆ ಇದೆಲ್ಲ ಹೊಸದಲ್ಲ. ಮುಂಬೈಯಲ್ಲಿ ಮಾತ್ರ ಉಪ್ಪು ಎಂದರೆ ಜಾಗ. ಬಿಲ್ಡರುಗಳ ಕಣ್ಣಿಗೆ ಅದು ಇನ್ನೂ ಕಟ್ಟದೇ ಉಳಿದಿರುವ ಕಟ್ಟಡ. ನಗರದೊಳಗಿನ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಆಗರಗಳ ಒಂದು ಪಾಲು ಧಾರಾವಿಯ ಪುನರ್ವಸತಿಗೆಂದು ಆಗಲೇ ಗೊತ್ತುಪಡಿಸಲಾಗಿದೆ. ಇದೇ ನಗರದ ವಡಾಲಾದ ಆಗರದ ಮೇಲೆ 1930ರಲ್ಲಿ ಉಪ್ಪಿನ ಕಾನೂನಿನ ವಿರುದ್ಧ ಸಾವಿರಾರು ಸತ್ಯಾಗ್ರಹಿಗಳು ಮುತ್ತಿಗೆ ಹಾಕಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅದೇ ವರ್ಷ ಕಾನೂನು ಮುರಿದು ತಯಾರಿಸಿದ ಉಪ್ಪಿನ ಪೊಟ್ಟಣಗಳನ್ನು ಮುಂಬೈಯ ಷೇರು ಪೇಟೆಯೊಳಗೇ ಮಾರಲು ಹೋಗಿ ಜೈಲು ಸೇರಿದರು. ಇಂದು ವಡಾಲಾದಲ್ಲಿ ಆ ಉಪ್ಪಿನ ಗುರುತು ಹುಡುಕುವುದು ಸೈಕಲ್ಲಿನವನಿಗೆ ಸುಲಭವಲ್ಲ.

ವಸಯಿಗೆ ಬಂದರೆ ದಾರಿಯ ಗುಣವೇ ಬೇರೆ. ಅಲ್ಲಿ ಉಪ್ಪಲ್ಲ, ಸಿಹಿನೀರು ದಾರಿ ಮಾಡುತ್ತದೆ. ಗಾಸ್, ಭುಯಿಗಾಂವ್, ಗಿರಿಜ್, ನಿರ್ಮಳ ಈ ಊರುಗಳ ವಾಡಿಗಳಲ್ಲಿ ಅಲ್ಲಲ್ಲಿ ಒಂದು ಕೆರೆಗುಂಡಿ, ಅದಕ್ಕೆ ಬಾವಖಲ್ ಎನ್ನುತ್ತಾರೆ. ಮಳೆಯ ನೀರು ಅದರಲ್ಲಿ ತುಂಬಿ, ಇಂಗಿ, ತೋಟಗಳನ್ನು ಬದುಕಿಸುತ್ತದೆ. ಬಾಳೆ, ವೀಳ್ಯದೆಲೆ, ಸೇವಂತಿಗೆ, ಮಲ್ಲಿಗೆ, ತರಕಾರಿ. ತೋಟದ ಬೇಲಿಗೂ ಬಾವಖಲಿಗೂ ನಡುವೆ ನುಸುಳುವ ಓಣಿಗಳು ಎಷ್ಟು ಇಕ್ಕಟ್ಟೆಂದರೆ ನನ್ನ ಮೌಂಟನ್ ಬೈಕಿನ ಅಗಲದ ಹ್ಯಾಂಡಲ್ಲು ಎರಡೂ ಕಡೆಯ ದಾಸವಾಳಕ್ಕೆ ತಾಗುತ್ತದೆ. ಬೆಳಗಿನ ಜಾವ ಇಲ್ಲಿ ಎದುರಾಗುವವರೆಲ್ಲ ಅವಸರದವರು. ಹೂವಿನ ಗಂಟು ದಾದರಿನ ಮಾರುಕಟ್ಟೆಗೆ ಹೋಗಬೇಕು. ಲೋಕಲ್ ಯಾರಿಗೂ ಕಾಯುವುದಿಲ್ಲ. ಕೆಂಪು ಚೌಕಳಿಯ ಲುಗಡೆ ಸೀರೆ ಉಟ್ಟ ಅಜ್ಜಿಯೊಬ್ಬಳು ತಲೆಯ ಮೇಲೆ ಸೊಪ್ಪಿನ ಕಟ್ಟು, ಸೊಂಟದಲ್ಲಿ ಮೊಬೈಲು ಸಿಕ್ಕಿಸಿಕೊಂಡು ಬಂದಳು. ನನ್ನ ಹೆಲ್ಮೆಟ್ಟು, ಕಪ್ಪು ಕನ್ನಡಕ, ತೊಡೆಗೆ ಬಿಗಿದ ಚಡ್ಡಿ ಎಲ್ಲವನ್ನೂ ಮೇಲಿಂದ ಕೆಳಗೆ ಓದಿ, "ಕಾಯ್ ರೇ ಬಾಬಾ, ಕುಠೇ ಪಡಲಾಸ್?" ಎಂದಳು. ಬಿದ್ದವನಲ್ಲ ಆಯಿ, ತಿರುಗಾಡಲು ಬಂದವನು ಎಂದೆ. ಅದು ಇನ್ನೂ ಕೆಟ್ಟ ಉತ್ತರವಾಯಿತು.

ಈ ಹಸುರು ತಾನಾಗಿ ಉಳಿದದ್ದಲ್ಲ. ಎಂಬತ್ತರ ದಶಕದ ಕೊನೆಗೆ ಟ್ಯಾಂಕರಿನವರು ಇಲ್ಲಿನ ಬಾವಿಗಳನ್ನು ಬರಿದು ಮಾಡುತ್ತ, ಬಾವಿಗೆ ಕಡಲ ನೀರು ಸೇರುತ್ತ ಬಂದಾಗ, ಜಮೀನುಗಳು ಒಂದೊಂದಾಗಿ ಕಟ್ಟಡಗಳಾಗುತ್ತಿದ್ದಾಗ, ಹರಿತ ವಸಯಿ ಎಂಬ ಹೆಸರಿನಲ್ಲಿ ಊರವರು ಬೀದಿಗಿಳಿದರು. ಮುಂದೆ ನಿಂತವರು ಫಾದರ್ ಫ್ರಾನ್ಸಿಸ್ ದಿಬ್ರಿಟೊ, ಬೈಬಲ್ಲನ್ನು ಮರಾಠಿಗೆ ಅನುವಾದಿಸಿದ ಪಾದ್ರಿ, 2020ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಸಾಹಿತಿಯೊಬ್ಬ ನೀರಿನ ಟ್ಯಾಂಕರಿಗೆ ಅಡ್ಡ ನಿಂತದ್ದರಿಂದ ನನಗೆ ಸೈಕಲ್ ತುಳಿಯಲು ಓಣಿ ಉಳಿಯಿತು. ಸಾಹಿತ್ಯದಿಂದ ಸಮಾಜಕ್ಕೇನು ಪ್ರಯೋಜನ ಎಂಬ ಗೋಷ್ಠಿಗಳಲ್ಲಿ ಈ ಉದಾಹರಣೆಯನ್ನು ಯಾರೂ ಕೊಡುವುದಿಲ್ಲ.

ಇಲ್ಲಿಂದ ನಾಲಾಸೋಪಾರಾ ದೂರವಿಲ್ಲ. ಲೋಕಲ್ ರೈಲಿನಲ್ಲಿ ಆ ಹೆಸರು ಕೇಳಿದರೆ ಬೆವರು, ಮೊಣಕೈ, ಬಾಗಿಲಿಗೆ ಜೋತ ಜನ ಮಾತ್ರ ನೆನಪಾಗುತ್ತಾರೆ. ಹಳಿಯ ಪಶ್ಚಿಮಕ್ಕೆ ಹೋಗಿ ತೋಟದ ಕಡೆ ಹೊರಳಿದರೆ ಶೂರ್ಪಾರಕ. ಎರಡು ಸಾವಿರ ವರ್ಷಗಳ ಹಿಂದೆ ಹಡಗು ನಿಲ್ಲುತ್ತಿದ್ದ ಬಂದರು ಅದು. ಖಾಡಿ ಹೂಳು ತುಂಬುತ್ತ ತುಂಬುತ್ತ ಬಂದರು ಹೋಗಿ ಬಯಲು ಉಳಿಯಿತು. ಈ ನೆಲ ಇಷ್ಟು ಸಪಾಟಾಗಿ ಇರುವುದು ಹೀಗೆ: ನದಿ ತಂದ ಮಣ್ಣು, ಕಡಲು ಬಿಟ್ಟ ಮಣ್ಣು, ಮನುಷ್ಯ ಕಟ್ಟಿದ ದಂಡೆ. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಇಲ್ಲಿಯ ಇಟ್ಟಿಗೆಯ ಸ್ತೂಪವನ್ನು ಅಗೆದು ಕರಂಡಕ ತೆಗೆದರು. ಅದೇ ಕಾಲಕ್ಕೆ ಅಶೋಕನ ಎಂಟನೆಯ ಬಂಡೆ ಶಾಸನದ ಒಂದು ತುಣುಕೂ ಅವರಿಗೆ ಸಿಕ್ಕಿತು. ಒಂಬತ್ತನೆಯದರ ತುಣುಕು ಸಿಕ್ಕಿದ್ದು 1956ರಲ್ಲಿ, ನಾನು ದಾಸವಾಳಕ್ಕೆ ಹ್ಯಾಂಡಲ್ಲು ತಾಗಿಸುವ ಭುಯಿಗಾಂವಿನ ಬಳಿ. ಮಸ್ಕಿ, ಬ್ರಹ್ಮಗಿರಿಗಳನ್ನು ನೋಡಿ ಅಶೋಕ ನಮ್ಮವನೇ ಎಂದುಕೊಂಡಿದ್ದ ನನಗೆ, ಆತ ವಿರಾರ್ ಲೋಕಲ್ಲಿನ ದಾರಿಯಲ್ಲೂ ಹತ್ತಿದ್ದು ತಿಳಿದು ಖುಷಿಯಾಯಿತು.

ಆ ಎಂಟನೆಯ ಶಾಸನದಲ್ಲಿ ಇರುವುದೇ ತಿರುಗಾಟದ ಮಾತು. ಹಿಂದಿನ ರಾಜರು ಬೇಟೆ, ವಿನೋದ ಎಂದು ವಿಹಾರಕ್ಕೆ ಹೋಗುತ್ತಿದ್ದರಂತೆ. ತಾನು ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಬೋಧಿವೃಕ್ಷದ ಸ್ಥಳಕ್ಕೆ ಹೋದದ್ದು, ಅಲ್ಲಿಂದ ಮುಂದೆ ತನ್ನ ಯಾತ್ರೆಗಳೆಲ್ಲ ಧರ್ಮದ ಯಾತ್ರೆಗಳಾದದ್ದು. ಹಿರಿಯರನ್ನು ಕಾಣುವುದು, ಕೊಡುವುದು, ಹಳ್ಳಿಗಾಡಿನ ಜನರನ್ನು ಕಂಡು ಮಾತಾಡುವುದು, ಇದರಲ್ಲಿಯೇ ತನಗೆ ಹೆಚ್ಚು ಸಂತೋಷ ಎಂದು ದೇವಾನಾಂಪ್ರಿಯ ಹೇಳಿಕೊಂಡಿದ್ದಾನೆ. ಭಾನುವಾರದ ಸೈಕಲ್ಲಿನವನಿಗೆ ಕಲ್ಲಿನಲ್ಲಿ ಕೊರೆದು ಇಟ್ಟ ಮಾತಿನ ಹಾಗಿದೆ. ಬೇಟೆಯೇನೋ ನಾವು ಆಡುವುದಿಲ್ಲ. ಆದರೆ ಕೈಗಡಿಯಾರದಲ್ಲಿ ಸರಾಸರಿ ವೇಗ ನೋಡುತ್ತ ತಲೆ ಬಗ್ಗಿಸಿ ಒಂದಿಡೀ ಊರನ್ನು ದಾಟಿಬಿಡುವುದು ಬೇಟೆಗಿಂತ ಬಹಳ ಒಳ್ಳೆಯದೆಂದು ನನಗನ್ನಿಸುವುದಿಲ್ಲ. ಬೇಟೆಗಾರ ಕಡೆಗೆ ಜಿಂಕೆಯನ್ನಾದರೂ ನೋಡುತ್ತಾನೆ.

ದೂರದ ಹೆಮ್ಮೆಯೂ ಸುಳ್ಳಲ್ಲ ಎನ್ನಿ. ಇದೇ ಮುಂಬೈಯಿಂದ 1923ರ ಅಕ್ಟೋಬರಿನಲ್ಲಿ ಆರು ಮಂದಿ ಪಾರ್ಸಿ ಹುಡುಗರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗಾರಾ ಮೂವರು ಸುತ್ತು ಮುಗಿಸಿ 1928ರ ಮಾರ್ಚಿನಲ್ಲಿ ಮರಳಿದರು. ಗೇರಿಲ್ಲದ ಕಬ್ಬಿಣದ ಸೈಕಲ್ಲುಗಳು. ಮರುಭೂಮಿಯಲ್ಲಿ ಪಂಕ್ಚರು ಹಾಕಿಕೊಂಡವರು. ಅವರ ಮುಂದೆ ನನ್ನ ಸಾಹಸ ಗೊರಾಯಿ ಲಾಂಚಿನಲ್ಲೇ ಮುಳುಗುತ್ತದೆ. ಒಮ್ಮೆ ಪಾಲಿಕೆಯೂ ಸೈಕಲ್ಲಿನವರನ್ನು ನೆನೆದು, ಮುಲುಂಡಿನಿಂದ ನೀರಿನ ದೊಡ್ಡ ಕೊಳವೆಗಳ ಬದಿಯಲ್ಲಿ 39 ಕಿ.ಮೀ. ಸೈಕಲ್ ದಾರಿಯ ಯೋಜನೆ ಹಾಕಿತು. ಹಾಕಲಿ. ನನಗೆ ಮಾತ್ರ ಸೈಕಲ್ಲಿಗೆಂದೇ ಮಾಡಿದ ದಾರಿಯಲ್ಲಿ ಅಷ್ಟು ರುಚಿ ಹತ್ತುವುದಿಲ್ಲ. ಉಪ್ಪಿಗೆ, ಭತ್ತಕ್ಕೆ, ವೀಳ್ಯದೆಲೆಗೆ, ಹೂವಿಗೆ ಎಂದು ಯಾರೋ ದಿನವೂ ತುಳಿದು ಗಟ್ಟಿ ಮಾಡಿದ ದಾರಿಯಲ್ಲಿ ಕೇಳಿಕೊಂಡು ಹೋಗುವುದರಲ್ಲಿ, ದಾರಿ ಬಿಡುವುದರಲ್ಲಿ, ಬೈಸಿಕೊಳ್ಳುವುದರಲ್ಲಿ ನಾಲ್ಕು ಮಾತು ಹುಟ್ಟುತ್ತವೆ. ಸೈಕಲ್ ಟ್ರ್ಯಾಕಿನಲ್ಲಿ ಹುಟ್ಟುವುದು ಬರೀ "ಸೈಡ್, ಸೈಡ್" ಎಂಬ ಒಂದೇ ಮಾತು.

ಮರಳುವಾಗ ಭಾಯಂದರಿನಲ್ಲಿ ನಮ್ಮ ಕಡೆಯವರೊಬ್ಬರ ಹೋಟೆಲಿದೆ. ಶೆಟ್ಟರಿಗೆ ಎಪ್ಪತ್ತು ದಾಟಿದೆ. ಕುಂದಾಪುರದ ಒಳನಾಡಿನಿಂದ ಹುಡುಗನಾಗಿ ಬಂದು, ಫೋರ್ಟಿನ ಹೋಟೆಲಿನಲ್ಲಿ ಕಪ್ಪು ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಮಂಡಿಯವರೆಗೆ ಕೆಸರು ಮೆತ್ತಿಕೊಂಡು ನಾನು ಬಂದು ಕೂತಾಗ ಗಲ್ಲಾದಿಂದ ಎದ್ದೇ ಬಂದರು.

"ಎಂತ ಮಾರಾಯ್ರೆ ಇದು ಅವತಾರ? ಎಲ್ಲಿ ಹೋದದ್ದು?"

"ಗದ್ದೆ ಹುಣಿ ಮೇಲೆ ಶೆಟ್ರೇ, ವಸಯಿ ಬದಿ."

"ಹುಣಿ ಮೇಲಾ!" ಶೆಟ್ಟರು ಸಪ್ಲಯರ್ ಹುಡುಗನನ್ನೂ ಕರೆದು ತೋರಿಸಿದರು. "ನೋಡು, ಹುಣಿ ಮೇಲೆ ನಡ್ದೂ ನಡ್ದೂ ಸಾಕಾಗಿ ನಾವು ಬೊಂಬಾಯಿಗೆ ಓಡಿ ಬಂದದ್ದು. ಇವರು ಬೊಂಬಾಯಿಯಿಂದ ಹುಣಿ ಹುಡುಕ್ಕೊಂಡು ಹೋಗುದು. ಅದೂ ದುಡ್ಡು ಕೊಟ್ಟು ಸೈಕಲ್ ತಕೊಂಡು."

ಸೈಕಲ್ಲಿನ ಬೆಲೆ ಕೇಳಿದರು. ನಾನು ಅರ್ಧ ಹೇಳಿದೆ. ಅದಕ್ಕೇ ಅವರು ಹೊರಗೆ ಹೋಗಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸೀಟನ್ನು ಒತ್ತಿದರು, ಟಯರಿನ ಮುಳ್ಳು ಮುಟ್ಟಿದರು. ಮಸಾಲೆದೋಸೆಯ ಹೊತ್ತಿಗೆ ತೀರ್ಪು ಬಂತು. ಬೆಲ್ಲಿಲ್ಲ. ಸ್ಟ್ಯಾಂಡಿಲ್ಲ. ಮಡ್‌ಗಾರ್ಡಿಲ್ಲ, ಅದಕ್ಕೇ ಬೆನ್ನ ಮೇಲೆ ಕೆಸರಿನ ಗೆರೆ. ಲೈಟಿಗೆ ಡೈನಮೋ ಇಲ್ಲ. "ಕ್ಯಾರಿಯರೂ ಇಲ್ಲ! ಇಷ್ಟು ದೂರ ಹೋಗಿ ನೀವು ತರುದಾದ್ರೂ ಎಂತ?"

ದೋಸೆ ಬಾಯಲ್ಲಿಟ್ಟುಕೊಂಡು ನಾನು ಅದನ್ನೇ ಯೋಚಿಸಿದೆ. ದಂಡೆಯ ಮೇಲೆ, ಓಣಿಯಲ್ಲಿ ನಾನು ಕಂಡ ಸೈಕಲ್ಲುಗಳೆಲ್ಲ ಏನಾದರೂ ಹೊತ್ತಿದ್ದವು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಪಾವಿನ ಬುಟ್ಟಿ, ಗ್ಯಾಸ್ ಸಿಲಿಂಡರು, ಹಿಂದೆ ಹೆಂಡತಿ ಮುಂದೆ ಮಗು. ಖಾಲಿ ಬಂದು ಖಾಲಿ ಹೋಗುತ್ತಿದ್ದದ್ದು ನನ್ನದೊಂದೇ. ಅಜ್ಜಿಗೆ ಕೊಟ್ಟ ಉತ್ತರ ಅವಳಿಗೆ ಯಾಕೆ ರುಚಿಸಲಿಲ್ಲ ಎಂಬುದೂ ಶೆಟ್ಟರ ಹೋಟೆಲಿನಲ್ಲಿ ಹೊಳೆಯಿತು.

ಮರುವಾರವೇ ಬೊರಿವಲಿ ಸ್ಟೇಷನ್ ಹತ್ತಿರದ ಸೈಕಲ್ ಅಂಗಡಿಗೆ ಹೋದೆ. ಆ ಹುಡುಗ ಮೊದಲು ಒಪ್ಪಲೇ ಇಲ್ಲ. ಈ ಸೈಕಲ್ಲಿಗೆ ಕ್ಯಾರಿಯರು ಹಾಕಿದರೆ ಅದರ ಮರ್ಯಾದೆ ಹೋಗುತ್ತದೆ ಎಂದ. ಮರ್ಯಾದೆ ನನ್ನದು, ನೀನು ನಟ್ಟು ಬಿಗಿ ಎಂದೆ. ಹಾಲಿನವರ ಸೈಕಲ್ಲಿಗೆ ಹಾಕುವಂಥ ಕಬ್ಬಿಣದ್ದು, ಹಿಂದೆ ಸ್ಪ್ರಿಂಗಿನ ಹಿಡಿ. ಘಾಟಿಯ ಗೆಳೆಯರು ಅದರ ತೂಕ ಕೇಳಿ ಕಣ್ಣು ಮುಚ್ಚಿಕೊಂಡರು. ಈಗ ವಸಯಿಯಿಂದ ಬರುವಾಗ ರಾಜೇಳಿ ಬಾಳೆಯ ಒಣಹಣ್ಣು ಸುಕೇಳಿ ತರುತ್ತೇನೆ, ವೀಳ್ಯದೆಲೆಯ ಕಟ್ಟು ತರುತ್ತೇನೆ. ಎಲೆ ಶೆಟ್ಟರಿಗೆ, ಅವರು ಕಾಪಿಯ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಸ್ಪ್ರಿಂಗ್ ಮಾತ್ರ ಬಿಗಿ ಹೆಚ್ಚು, ಹಸಿ ಬಾಳೆಹಣ್ಣು ಮನೆ ಮುಟ್ಟುವಷ್ಟರಲ್ಲಿ ರಸಾಯನವಾಗಿರುತ್ತದೆ. ಅದಕ್ಕೊಂದು ಬಿದಿರಿನ ಬುಟ್ಟಿ ನೋಡುತ್ತಿದ್ದೇನೆ. ಉತ್ತನ್ನಿನಲ್ಲಿ ಸಿಗುತ್ತವೆ, ಆದರೆ ಎಲ್ಲಕ್ಕೂ ಬೊಂಬಿಲಿನ ವಾಸನೆ.